ಎರಡನೇ ತ್ರೈಮಾಸಿಕದ ಸೊನ್ನೆ

ಹೊರದೇಶದ ಬಂಡವಾಳ ನಮ್ಮಲ್ಲಿಗೆ ಎಷ್ಟು ಬಂತು, ಎಲ್ಲಿಂದ ಬಂತು, ಆ ಲೆಕ್ಕ ಇಂಟರ್ನೆಟ್ಟಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬರುವವರು ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೇ ಮಹಡಿ ಹತ್ತಿ, ಎಡಕ್ಕೆ ತಿರುಗಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಬಾಗಿಲು ತಟ್ಟಬೇಕು. ಒಳಗೆ ಟೇಬಲ್ ಮೇಡಂ ಕೂತಿರುತ್ತಾಳೆ. ಹೆಸರಿಟ್ಟದ್ದು ವಿದ್ಯಾರ್ಥಿಗಳು. ಯಾರು ಏನೇ ಕೇಳಲಿ, "ಮೊದಲು ಟೇಬಲ್ ತೆಗಿ, ಆಮೇಲೆ ಅದರ ಅಡಿಟಿಪ್ಪಣಿ ಓದು, ಆಮೇಲೆ ನನ್ನ ತಲೆ ತಿನ್ನು" ಅನ್ನುವುದು ಅವಳ ಮೊದಲ ಮಾತು. ಅಂಕಿಗಳ ಕೋಷ್ಟಕವೇ ಅವಳ ಗಂಡ, ಮಕ್ಕಳು, ಮನೆದೇವರು ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಪ್ರತಿ ವರ್ಷ ತರಗತಿ ಶುರುವಾದ ಮೊದಲ ವಾರ ಅವಳು ಹೊಸಬರನ್ನು ಕೂರಿಸಿಕೊಂಡು ಒಂದು ಗಂಟೆ ಪಾಠ ಮಾಡುತ್ತಿದ್ದಳು. ಹುಡುಕಲು ನಾಲ್ಕು ಜಾಗ ಇವೆ, ನಾಲ್ಕಕ್ಕೂ ನಾಲ್ಕು ಬುದ್ಧಿ ಎಂದು ಆರಂಭಿಸುವಳು. ಬಂಡವಾಳವನ್ನು ಕೈಬೀಸಿ ಕರೆಯುವ ಸರ್ಕಾರಿ ಇಲಾಖೆಯ ಪುಟದಲ್ಲಿ ಬರೀ ಘೋಷಣೆಗಳು ಇರುತ್ತವೆ. ಇಂಥ ಕಂಪನಿ ಇಷ್ಟು ಕೋಟಿ ಹೂಡುತ್ತದಂತೆ, ಇಷ್ಟು ಸಾವಿರ ಜನಕ್ಕೆ ಕೆಲಸವಂತೆ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರು ಇವರು. ಕುಲಾವಿ ಎಣಿಸಿ ಮಕ್ಕಳ ಲೆಕ್ಕ ಹಾಕಬೇಡಿ." ಅಂತರರಾಷ್ಟ್ರೀಯ ಸಂಸ್ಥೆಯ ತಾಣ ದೊಡ್ಡವರ ಮನೆ. ದೇಶಕ್ಕೆ ದೇಶವನ್ನೇ ತೂಗಿ ಹೇಳುತ್ತದೆ, ಆದರೆ ಒಂದೂವರೆ ವರ್ಷ ತಡವಾಗಿ. ಕೇಂದ್ರ ಬ್ಯಾಂಕು ಮೂರು ತಿಂಗಳಿಗೊಮ್ಮೆ ಹಾಕುವ ಕೋಷ್ಟಕ ಮಾತ್ರ ಮೂಲ. ನಿಜವಾಗಿ ಗಡಿ ದಾಟಿ ಒಳಗೆ ಬಂದ ಹಣವಷ್ಟೇ ಅಲ್ಲಿ ದಾಖಲಾಗುತ್ತದೆ, ಯಾವ ದೇಶದಿಂದ ಯಾವ ಉದ್ಯಮಕ್ಕೆ ಎಂದು ಸಾಲು ಸಾಲಾಗಿ. ಇನ್ನು ಈ ಮೂರೂ ಕಡೆಯಿಂದ ಬಾಚಿ ತಂದು, ಅಂಕಿಗಳಿಗೆಲ್ಲ ಒಂದೇ ಅಳತೆಯ ಅಂಗಿ ತೊಡಿಸಿ ಒಂದು ಗುಂಡಿ ಒತ್ತಿದರೆ ಕೈಗೆ ಕೊಡುವ ಖಾಸಗಿ ತಾಣ. ಹುಡುಗರಿಗೆ ಅದೇ ಇಷ್ಟ.

"ಅದು ದಲ್ಲಾಳಿ," ಅನ್ನುವಳು ಟೇಬಲ್ ಮೇಡಂ. "ದಲ್ಲಾಳಿ ಮಾತು ಕೇಳ್ಕೊಂಡು ಯಾರಾದ್ರೂ ಮನೆ ತಗೋತಾರಾ? ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳ್ಲಿಲ್ಲ."

ಹೀಗೆ ಹೇಳಿಕೊಂಡು ಬಂದವಳೇ ಒಂದು ದಿನ, ಒಂದೇ ಒಂದು ದಿನ, ನಲ್ಲಿ ತಿರುಗಿಸಿ ನೋಡದೆ ಮಾತು ಕೊಟ್ಟಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಗುವವರು ಇಲ್ಲಿಗೇ ನಕ್ಕು ಮುಗಿಸಿಕೊಳ್ಳಬಹುದು, ಮುಂದೆ ನಗುವಂಥದ್ದು ಏನೂ ಇಲ್ಲ.

ಅವಳಿಗೆ ಹನ್ನೊಂದು ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಹೋದರು. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಭಾವ ಸೀಸೆ ಮಾಡುವ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದರು. ಎರಡು ಕೋಣೆಯ ಮನೆಗೆ ಅವಳೂ ಒಂದು ಪೆಟ್ಟಿಗೆ ಹಿಡಿದು ಬಂದಳು. ಹೆಂಡತಿಯ ತಂಗಿಯನ್ನು ಓದಿಸುವುದು ಯಾವ ಕಾನೂನಿನಲ್ಲೂ ಬರೆದಿಲ್ಲ. ನೆಂಟರು ಅದನ್ನು ಭಾವನಿಗೆ ನೆನಪಿಸಿದರು ಕೂಡ. "ಓದ್ಲಿ ಬಿಡ್ರಿ. ನಮ್ಮನೇಲಿ ಒಬ್ಬರಾದ್ರೂ ಬೆಂಕಿ ಮುಂದೆ ನಿಂತ್ಕೊಳ್ದೆ ಅನ್ನ ತಿನ್ನಲಿ" ಎಂದಿದ್ದರು ಭಾವ. ಅವಳಿಗೆ ಕೆಲಸ ಸಿಕ್ಕ ಮೇಲೆ ಅವರ ಜಂಬ ನೋಡಬೇಕಿತ್ತು. ಕಾರ್ಖಾನೆಯಲ್ಲಿ ಯಾರಾದರೂ ಪತ್ರಿಕೆ ಓದುತ್ತ ವಿದೇಶಿ ಹಣದ ಸುದ್ದಿ ಎತ್ತಿದರೆ ಸಾಕು, "ತಡೀರಿ, ನಮ್ಮ ಹುಡುಗಿನ ಕೇಳೋಣ. ಇಡೀ ಲೋಕದ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಅವಳು ಕೂತಲ್ಲೇ ಹೇಳ್ತಾಳೆ" ಎನ್ನುತ್ತಿದ್ದರು. ಆದರೆ ನಿಜವಾಗಿ ಎಂದೂ ಏನನ್ನೂ ಕೇಳಿದವರಲ್ಲ. ಸಾಕಿದ ಕೈ ಬೇಡುವುದಿಲ್ಲ ಎಂಬ ಬಿಗುಮಾನ ಅವರಿಗೆ ಇತ್ತು.

ಹಾಗಾಗಿ ಆ ಮಂಗಳವಾರ ಮಧ್ಯಾಹ್ನ ಫೋನಿನಲ್ಲಿ ಭಾವನ ದನಿ ಕೇಳಿ ಅವಳು ಗಾಬರಿಯಾಗಿ ಎದ್ದೇ ನಿಂತಳು. ಯಾರಿಗೋ ಏನೋ ಆಗಿದೆ ಅಂದುಕೊಂಡಳು.

"ಯಾರಿಗೂ ಏನೂ ಆಗಿಲ್ಲ ಮರಿ. ನಿನ್ನಿಂದ ಒಂದು ಕೆಲಸ ಆಗಬೇಕು."

ಕಾರ್ಖಾನೆಯನ್ನು ಕೊಳ್ಳಲು ಹೊರದೇಶದ ಕಂಪನಿಯೊಂದು ಮುಂದೆ ಬಂದಿರುವುದು ಅವಳಿಗೆ ಗೊತ್ತಿತ್ತು. ಹೊಸ ಕುಲುಮೆ ಕಟ್ಟಿಸುತ್ತೇವೆ, ಹಳೆಯದರ ಆಯಸ್ಸು ಮುಗಿದಿದೆ ಎಂದು ಅವರು ಹೇಳಿದ್ದರು. ಅದಕ್ಕೆ ಬದಲಾಗಿ ಮುನ್ನೂರ ಹನ್ನೆರಡು ಜನ ಕಾಯಂ ಕೆಲಸ ಬಿಟ್ಟುಕೊಟ್ಟು ಎರಡು ವರ್ಷ ಗುತ್ತಿಗೆಯ ಮೇಲೆ, ಮೂರನೇ ಒಂದು ಭಾಗ ಕಡಿಮೆ ಸಂಬಳಕ್ಕೆ ದುಡಿಯಬೇಕು. ಹತ್ತು ವರ್ಷದ ಹಿಂದೆ ಬಂದ ಇನ್ನೊಬ್ಬ ಮಾಲೀಕನೂ ಇದೇ ರಾಗ ಹಾಡಿದ್ದ. ಹೊಸ ಯಂತ್ರ, ಹೊಸ ಬಂಡವಾಳ ಎಂದು ಮೂಗಿಗೆ ತುಪ್ಪ ಸವರಿ, ಜನ ಬಿಟ್ಟುಕೊಟ್ಟದ್ದನ್ನೆಲ್ಲ ತೆಗೆದುಕೊಂಡು, ಒಂದು ಮೊಳೆಯನ್ನೂ ಹೊಡೆಸದೆ ಕಾರ್ಖಾನೆಯನ್ನು ಈಗಿನ ಮಾಲೀಕನ ತಲೆಗೆ ಕಟ್ಟಿ ಹೋಗಿದ್ದ. ಒಮ್ಮೆ ಮೋಸ ಹೋದವರು ಎರಡನೇ ಸಲ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆಯೇ? ನಾಳೆ ಬೆಳಿಗ್ಗೆ ಎಂಟಕ್ಕೆ ಗೇಟಿನ ಮುಂದೆ ಕೈಯೆತ್ತಿ ತೀರ್ಮಾನ. ಭಾವ ಸಂಘದ ಕಾರ್ಯದರ್ಶಿ.

"ಅವರು ಎರಡನೇ ತ್ರೈಮಾಸಿಕದಲ್ಲೇ ಹಣ ತಂದು ಬ್ಯಾಂಕಲ್ಲಿ ಇಟ್ಟಿದ್ದೀವಿ ಅಂತಾರೆ. ಏಪ್ರಿಲ್ ಜೂನ್ ನಡುವೆ. ತಂದಿದ್ರೆ ನಾನೇ ಮುಂದೆ ನಿಂತು ಸಹಿ ಹಾಕಿಸ್ತೀನಿ. ಎರಡು ವರ್ಷ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊಂಡ್ರೆ ಆಯ್ತು. ತಂದಿಲ್ಲ ಅಂದ್ರೆ ಇದೂ ಹಳೇ ಕಥೆನೇ. ಬಂದಿದ್ಯಾ ಇಲ್ವಾ, ಒಂದೇ ಮಾತು. ನೋಡಿ ಹೇಳ್ತೀಯಾ?"

"ಸಂಜೆಯೊಳಗೆ ಹೇಳ್ತೀನಿ ಭಾವ."

ಹದಿನೇಳು ವರ್ಷದಲ್ಲಿ ಮೊದಲನೇ ಸಲ ಭಾವ ಅವಳನ್ನು ಏನೋ ಕೇಳಿದ್ದರು, ಅದೂ ಅವಳಿಗೆ ಇಡೀ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುವ ವಿದ್ಯೆಯನ್ನು. ಅವಳು ಕುರ್ಚಿ ಎಳೆದುಕೊಂಡು ಕೂತಾಗ ಅವಳಿಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಕೇಂದ್ರ ಬ್ಯಾಂಕಿನ ತಾಣ ತೆರೆದಳು. ಬಿಳಿ ಪುಟ, ನಡುವೆ ಎರಡು ಸಾಲು: ನವೀಕರಣದ ಕಾರಣ ಎರಡು ದಿನ ಸೇವೆ ಇರುವುದಿಲ್ಲ, ಅಡಚಣೆಗೆ ವಿಷಾದಿಸುತ್ತೇವೆ. ಸಹಾಯವಾಣಿಗೆ ಫೋನು ಮಾಡಿದಳು. ಏಳು ನಿಮಿಷ ಸಂಗೀತ ಕೇಳಿಸಿ ಕರೆ ತಾನಾಗಿಯೇ ಕಡಿದುಹೋಯಿತು. ಮತ್ತೆ ಮಾಡಿದಳು, ಮತ್ತೆ ಸಂಗೀತ. ಇಲಾಖೆಯ ಪುಟದಲ್ಲಿ ಘೋಷಣೆಯಿತ್ತು, ದೊಡ್ಡ ಅಕ್ಷರ, ಮೊತ್ತದ ಮುಂದೆ ಸೊನ್ನೆಗಳ ಮೆರವಣಿಗೆ. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಣ ಹೂಡುವ ದೇಶದವರು ತಮ್ಮ ಕಡೆಯಿಂದ ಹೊರಗೆ ಹೋದದ್ದನ್ನು ಬರೆದಿಡುವ ಪಟ್ಟಿಯನ್ನೂ ಹುಡುಕಿದಳು. ಅದು ವರ್ಷಕ್ಕೊಂದೇ ಸಲ ಬರುವಂಥದು, ಈ ವರ್ಷದ್ದು ಬಂದಿರಲಿಲ್ಲ. ಗಡಿಯಾರ ಐದರ ಹತ್ತಿರ ಬಂದಿತ್ತು. ಉಳಿದದ್ದು ದಲ್ಲಾಳಿ.

ದಲ್ಲಾಳಿಯ ತಾಣ ಚಕಚಕನೆ ತೆರೆದುಕೊಂಡಿತು. ಉದ್ಯಮ: ಗಾಜು ಮತ್ತು ಪಿಂಗಾಣಿ. ಹೂಡುವ ದೇಶ: ಆ ದೇಶ. ಅವಧಿ: ಎರಡನೇ ತ್ರೈಮಾಸಿಕ. ಮೂಲ: ಕೇಂದ್ರ ಬ್ಯಾಂಕು ಎಂದೂ ಕೆಳಗೆ ಬರೆದಿತ್ತು. ಅಂಕಿ: 0. ಅದರ ಹಿಂದಿನ ಮೂರು ತಿಂಗಳು: 0. ಅದರ ಹಿಂದೆ: 0. ಎಷ್ಟು ನೀಟಾಗಿತ್ತೆಂದರೆ ಅನುಮಾನ ಪಡುವುದಕ್ಕೆ ಬೆರಳಿಡಲೂ ಜಾಗವಿರಲಿಲ್ಲ.

"ಸೊನ್ನೆ ಭಾವ," ಎಂದಳು ಫೋನಿನಲ್ಲಿ. "ಒಂದು ಬಿಡಿಗಾಸೂ ಬಂದಿಲ್ಲ."

ಹಣ ಬಂದಿರಲಿ ಎಂದು ಭಾವ ಒಳಗೇ ಆಸೆಪಟ್ಟಿದ್ದರೇನೋ. "ಖಚಿತಾನಾ ಮರಿ? ಮುನ್ನೂರು ಮನೆ ಕಥೆ ಇದು."

ಮೂಲ ನೋಡಿಲ್ಲ, ಬ್ಯಾಂಕಿನ ತಾಣ ಕೆಟ್ಟಿದೆ, ಎರಡು ದಿನ ತಡೆಯಿರಿ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಮೊದಲ ಸಲ ಕೇಳಿದ ಮನುಷ್ಯನಿಗೆ 'ನನಗೆ ಪೂರ್ತಿ ಗೊತ್ತಿಲ್ಲ' ಎನ್ನಲು ಅವಳ ಹೆಮ್ಮೆ ಬಿಡಲಿಲ್ಲ.

"ಸೊನ್ನೆ ಅಂದ್ರೆ ಸೊನ್ನೆ ಭಾವ. ಅದರಲ್ಲಿ ಏನಿದೆ ಅನುಮಾನ?"

ಮರುದಿನ ಗೇಟಿನ ಮುಂದೆ ನಡೆದದ್ದನ್ನು ಅವಳಿಗೆ ಅಕ್ಕ ಹೇಳಿದಳು. ಭಾವ ಒಂದು ಪೆಟ್ಟಿಗೆಯ ಮೇಲೆ ನಿಂತು ಆ ಅಂಕಿಯನ್ನು ಓದಿದರಂತೆ. ಒಪ್ಪಬೇಕು ಎಂದು ವಾದಿಸಿದವರ ಮುಂದಾಳು ಭಾವನ ಜೀವದ ಗೆಳೆಯನೇ. ತಯಾರಾದ ಸೀಸೆಗಳನ್ನು ದೀಪದ ಮುಂದೆ ಹಿಡಿದು, ಕೂದಲೆಳೆಯಷ್ಟು ಬಿರುಕು, ಸಾಸಿವೆಯಷ್ಟು ಗುಳ್ಳೆ ಇದ್ದರೂ ಹಿಡಿದುಹಾಕುವ ಕೆಲಸ ಅವನದು. ಎಲ್ಲರೂ ಹದ್ದುಗಣ್ಣ ಎಂದು ಕರೆಯುತ್ತಿದ್ದರು. "ಕುಲುಮೆ ಆರಿದ್ರೆ ಮತ್ತೆ ಹತ್ತಲ್ಲ ಕಣ್ರಪ್ಪಾ, ಮೋಸ ಆದ್ರೂ ಬೆಂಕಿ ಉಳಿಯುತ್ತೆ, ಬೆಂಕಿ ಉಳಿದ್ರೆ ಇನ್ನೊಬ್ಬ ಬರ್ತಾನೆ" ಎಂದು ಹದ್ದುಗಣ್ಣ ಕೈಮುಗಿದನಂತೆ. ಕೈಗಳು ಎದ್ದವು. ಬೇಡ ಎಂದವರು ನೂರ ಅರವತ್ತೇಳು, ಬೇಕು ಎಂದವರು ನೂರ ನಲವತ್ತೈದು.

ಕೊಳ್ಳಲು ಬಂದವರು ಆ ವಾರವೇ ಗಂಟುಮೂಟೆ ಕಟ್ಟಿದರು. ಮಾಲೀಕ ಹದಿನೈದು ದಿನ ಕಾದು ಗ್ಯಾಸು ನಿಲ್ಲಿಸಿದ. ಗಾಜಿನ ಕುಲುಮೆಯೆಂದರೆ ಮನೆಯ ಒಲೆಯಲ್ಲ, ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಲು. ಒಮ್ಮೆ ತಣ್ಣಗಾದರೆ ಒಳಗಿನ ಗಾಜು ಕಲ್ಲಾಗಿ ಕೂರುತ್ತದೆ, ಸುತ್ತಲಿನ ಇಟ್ಟಿಗೆ ಸೀಳುತ್ತದೆ. ಅದು ತಣ್ಣಗಾಗಲು ಹನ್ನೊಂದು ದಿನ ತೆಗೆದುಕೊಂಡಿತು. ಆ ದಿನಗಳಲ್ಲಿ ಜನ ಕಾಂಪೌಂಡಿನ ಹೊರಗೆ ನಿಂತು ಒಳಗೆ ಇಟ್ಟಿಗೆ ಬಿರಿಯುವ ಸದ್ದು ಕೇಳುತ್ತಿದ್ದರು. ಭಾವ ದಿನಾ ಹೋಗಿ ನಿಲ್ಲುತ್ತಿದ್ದರು. ಅಕ್ಕ ಕರೆದರೂ ಬರುತ್ತಿರಲಿಲ್ಲ.

ನಾಲ್ಕನೇ ತಿಂಗಳು ಹದ್ದುಗಣ್ಣ ಕಾಲುವೆಯಲ್ಲಿ ಸಿಕ್ಕಿದ. ಕಾಲು ಜಾರಿತು ಎಂದು ಪೊಲೀಸರು ಬರೆದುಕೊಂಡರು. ಯಾರೂ ನಂಬಲಿಲ್ಲ, ಯಾರೂ ತಿದ್ದಲಿಲ್ಲ. ಸಾವಿನ ಮನೆಗೆ ಹೋದ ಭಾವನ ಮುಖದ ಮೇಲೆಯೇ ಸತ್ತವನ ಹೆಂಡತಿ ಬಾಗಿಲು ಹಾಕಿದಳು. ಮೂವತ್ತು ವರ್ಷದ ಗೆಳೆಯನ ಹೆಣವನ್ನು ಭಾವ ಬೀದಿಯ ಆಚೆ ಬದಿಯಿಂದ ನೋಡಬೇಕಾಯಿತು.

ಟೇಬಲ್ ಮೇಡಂ ಅತ್ತಳು, ಅಕ್ಕನ ಮನೆಗೆ ಸಾಮಾನು ತಂದು ಹಾಕಿದಳು, ಭಾವನಿಗೆ ಕೆಲಸ ಹುಡುಕಿದಳು. ಐವತ್ತು ದಾಟಿದ ಕುಲುಮೆಯವನಿಗೆ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಗುಜರಿ ಅಂಗಳವೊಂದರಲ್ಲಿ ಹಳೆಯ ಸೀಸೆ ವಿಂಗಡಿಸುವ ದಿನಗೂಲಿ ಸಿಕ್ಕಿತು. ಬ್ಯಾಂಕಿನ ತಾಣ ಎರಡೇ ದಿನಕ್ಕೆ ಮತ್ತೆ ತೆರೆದಿತ್ತು, ಮುಗಿದುಹೋದ ಲೆಕ್ಕ ಎಂದು ಅವಳು ಅದನ್ನು ನೋಡಲು ಹೋಗಿರಲಿಲ್ಲ. ಇಷ್ಟರ ನಡುವೆಯೂ ಅವಳಿಗೊಂದು ಸಮಾಧಾನವಿತ್ತು. ಹಣ ಬಂದಿರಲಿಲ್ಲ. ಒಪ್ಪಿದ್ದರೂ ಎರಡು ವರ್ಷ ಮೋಸಹೋಗಿ ಆಮೇಲೆ ಮುಳುಗುತ್ತಿದ್ದರು. ನಿಜ ಹೇಳಿದ್ದರಿಂದ ಯಾರೂ ಹಾಳಾಗಲಿಲ್ಲ ಎಂದು ರಾತ್ರಿ ಮಗ್ಗುಲಾಗುವಾಗ ತನಗೆ ತಾನೇ ಹೇಳಿಕೊಂಡು ನಿದ್ದೆ ಮಾಡುತ್ತಿದ್ದಳು.

ಎಂಟು ತಿಂಗಳಾದ ಮೇಲೆ ಹೊಸ ತರಗತಿ ಬಂತು. ಅದೇ ಪಾಠ, ಅದೇ ಕುಲಾವಿ, ಅದೇ ದಲ್ಲಾಳಿ. ಎರಡು ದಿನ ಕಳೆದು ಬೆಳಿಗ್ಗೆ ಹತ್ತೂವರೆಗೆ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪು ಅಪ್ಪಿಕೊಂಡು ಒಳಗೆ ಬಂದಳು. ಚುರುಕು ಹುಡುಗಿ, ಮೇಡಂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವಂಥವಳು.

"ಮೇಡಂ, ನೀವು ಹೇಳಿದ ಹಾಗೆ ಎರಡೂ ಕಡೆ ಹೋಲಿಸಿ ನೋಡ್ದೆ. ಕೆಲವು ಕಡೆ ತಾಳೆ ಆಗ್ತಿಲ್ಲ. ಈ ತಾಣದಲ್ಲಿ ಸೊನ್ನೆ ಅಂತಿದೆ, ಬ್ಯಾಂಕಿನ ಕೋಷ್ಟಕದಲ್ಲಿ ಅಂಕಿನೇ ಇಲ್ಲ, 'ಗೋ' ಅಂತ ಅಕ್ಷರ ಇದೆ. ಯಾವುದು ಸರಿ?"

"ಗೋ ಅಂದ್ರೆ ಗೋಪ್ಯ," ಎಂದಳು ಅವಳು, ನೂರು ಸಲ ಹೇಳಿದ ಮಾತನ್ನು ಹೇಳುವ ಹಾಗೆ. "ಒಂದು ದೇಶದಿಂದ ಒಂದು ಉದ್ಯಮಕ್ಕೆ ಒಂದೋ ಎರಡೋ ಕಂಪನಿ ಮಾತ್ರ ಹಣ ತಂದಿದ್ರೆ, ಮೊತ್ತ ಹಾಕಿದ್ರೆ ಆ ಕಂಪನಿ ಗುಟ್ಟು ಬಯಲಾಗುತ್ತೆ. ಅದಕ್ಕೆ ಬ್ಯಾಂಕಿನವರು ಮುಚ್ಚಿಡ್ತಾರೆ. ಏನೂ ಬಂದಿಲ್ಲ ಅಂದ್ರೆ ಗೆರೆ ಎಳೀತಾರೆ. ಗೋ ಅಂದ್ರೆ ಹಣ ಬಂದಿದೆ, ಎಷ್ಟು ಅಂತ ಹೇಳಲ್ಲ ಅಂತ ಅರ್ಥ. ದಲ್ಲಾಳಿ ಯಂತ್ರಕ್ಕೆ ಅಕ್ಷರ ಗೊತ್ತಾಗಲ್ಲ, ಅಂಕಿ ಅಲ್ಲದ್ದೆಲ್ಲ ಅದಕ್ಕೆ ಸೊನ್ನೆ. ಯಾವ ಸಾಲು, ತೋರಿಸು."

ಹುಡುಗಿ ಪರದೆ ತಿರುಗಿಸಿದಳು. ಗಾಜು ಮತ್ತು ಪಿಂಗಾಣಿ. ಆ ದೇಶ. ಎರಡನೇ ತ್ರೈಮಾಸಿಕ.

ಹುಡುಗಿ ಇನ್ನೂ ಏನೋ ಕೇಳುತ್ತಿದ್ದಳು. ಟೇಬಲ್ ಮೇಡಂ ತಲೆಯಾಡಿಸುತ್ತ ಉತ್ತರ ಕೊಟ್ಟಳು, ಉತ್ತರ ಸರಿಯಾಗಿಯೇ ಇತ್ತು. ಹುಡುಗಿ ಹೋದ ಮೇಲೆ ಬಾಗಿಲ ಚಿಲಕ ಹಾಕಿ ಬ್ಯಾಂಕಿನ ತಾಣವನ್ನು ತಾನೇ ತೆರೆದಳು. ಹಿಂದಿನ ಎರಡು ಅವಧಿಗೆ ಗೆರೆ, ಎರಡನೆಯದಕ್ಕೆ ಗೋ. ಅಡಿಟಿಪ್ಪಣಿಯನ್ನು ಮೊದಲ ಸಲ ಓದುವವಳಂತೆ ಓದಿದಳು. ಆ ದೇಶದಿಂದ ಈ ಉದ್ಯಮಕ್ಕೆ ಬಂದ ಕಂಪನಿ ಒಂದೇ ಒಂದು. ಅವರು ಸುಳ್ಳು ಹೇಳಿರಲಿಲ್ಲ. ಹಣ ತಂದಿದ್ದರು, ಬ್ಯಾಂಕಿನಲ್ಲಿಟ್ಟು ಕಾದಿದ್ದರು. ಈಗ ಅದೇ ಹಣದಲ್ಲಿ ಇನ್ನೊಂದು ಊರಿನಲ್ಲಿ ಕುಲುಮೆ ಏಳುತ್ತಿದೆ ಎಂಬ ಸುದ್ದಿಯೂ ಹುಡುಕಿದ ತಕ್ಷಣ ಸಿಕ್ಕಿತು, ಚಿತ್ರದ ಸಮೇತ.

ಆ ಪುಟವನ್ನು ಪ್ರಿಂಟು ತೆಗೆದು, ಮಡಚಿ ಚೀಲದಲ್ಲಿಟ್ಟುಕೊಂಡು, ಅರ್ಧ ದಿನ ರಜೆ ಬರೆದು ಹೊರಟಳು. ಹೇಳಿಬಿಡಬೇಕು. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡಳು. ನಾನು ಮೂಲ ನೋಡಲಿಲ್ಲ ಭಾವ. ನನ್ನಿಂದ ಹೀಗಾಯಿತು ಭಾವ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಾದೆ ಹೇಳುವವರು ಇದ್ದಾರೆ. ಅವರ ಕಾರ್ಯ ಯಾವುದೂ ಇಷ್ಟು ದೊಡ್ಡದಾಗಿ ಮಿಂಚಿ ಹೋಗಿರಲಿಕ್ಕಿಲ್ಲ.

ಗುಜರಿ ಅಂಗಳದಲ್ಲಿ ಹಸಿರು, ಕಂದು, ಬಿಳಿ ಎಂದು ಮೂರು ಗುಡ್ಡೆ. ನಡುವೆ ಭಾವ ಮಣಿಕಟ್ಟಿನವರೆಗೆ ರಬ್ಬರಿನ ಕೈಗವಸು ಹಾಕಿಕೊಂಡು, ಮೊಳಕಾಲು ಎತ್ತರದ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು. ಅವಳನ್ನು ಕಂಡು ಮುಖ ಅರಳಿತು. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಅಂಗಿಯ ತುದಿಯಿಂದ ಒರೆಸಿದರು.

"ಕೂತ್ಕೋ ಮರಿ. ಏನು, ಕೆಲಸದ ಹೊತ್ತಲ್ಲಿ ಬಂದಿದ್ದೀಯ? ನೋಡು ಇಲ್ಲಿ." ಒಂದು ಸೀಸೆಯ ತಳ ತೋರಿಸಿದರು. ಅವರ ಕಾರ್ಖಾನೆಯ ಗುರುತು ಅಚ್ಚೊತ್ತಿತ್ತು. "ನಾವು ಮಾಡಿದ್ದು ಇನ್ನೂ ಬರ್ತಾನೇ ಇದೆ. ದಿನಕ್ಕೆ ಹತ್ತು ಹನ್ನೆರಡು ಸಿಗುತ್ತೆ. ಒಡೆದು ಹಾಕೋಕೆ ಕೈ ಬರಲ್ಲ, ಆದ್ರೂ ಒಡೀಲೇಬೇಕು."

"ಭಾವ, ನಿಮ್ಮ ಹತ್ರ ಒಂದು ಮಾತು..."

"ನಾನೂ ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಅಂತಿದ್ದೆ. ನೀನಾಗೇ ಬಂದೆ, ಒಳ್ಳೇದಾಯ್ತು. ನಿಮ್ಮಕ್ಕನಿಗೂ ಹೇಳಿಲ್ಲ ಇದನ್ನ." ಅವರು ಕೈಗವಸು ಕಳಚಿ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಆವತ್ತು ಬೆಳಿಗ್ಗೆ, ಸಭೆಗೆ ಮುಂಚೆ, ಆ ಕಂಪನಿಯವನು ಗೇಟಿನ ಎದುರಿನ ಟೀ ಅಂಗಡಿಗೆ ಬಂದಿದ್ದ. ಹದ್ದುಗಣ್ಣನೇ ಕರ್ಕೊಂಡು ಬಂದಿದ್ದು. ಬ್ಯಾಂಕಿನ ಕಾಗದ ತೋರಿಸ್ದ. ಹಣ ಇಂಥ ತಾರೀಖು ಬಂದಿದೆ, ಇಷ್ಟು ಅಂತ. ಮೊಹರು, ಸಹಿ ಎಲ್ಲ ಇತ್ತು. ಹದ್ದುಗಣ್ಣ ಅದನ್ನೂ ಬೆಳಕಿಗೆ ಹಿಡಿದು ನೋಡ್ದ, ಸೀಸೆ ನೋಡೋ ಹಾಗೆ. 'ಸರಿಯಾಗೇ ಇದೆ ಕಣಯ್ಯ' ಅಂದ."

ಭಾವ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು.

"ನಾನು ಕಾಗದ ಆ ಕಂಪನಿಯವನ ಎದೆಗೇ ಎಸೆದೆ. ಇಂಥ ಕಾಗದ ಯಾವ ಅಂಗಡೀಲಿ ಬೇಕಾದ್ರೂ ಅಚ್ಚು ಹಾಕಿಸ್ಬಹುದು, ನಮ್ಮ ಹುಡುಗಿ ನೋಡಿ ಸೊನ್ನೆ ಅಂದಿದ್ದಾಳೆ ಅಂದೆ. ಅಷ್ಟೇ ಅಲ್ಲ ಮರಿ. ಸಭೇಲಿ ಈ ಕಾಗದದ ಮಾತೆತ್ತಿದ್ರೆ ಇವತ್ತಿಗೆ ನಮ್ಮ ಸ್ನೇಹ ಮುಗೀತು ಅಂತ ಹದ್ದುಗಣ್ಣನ ಬಾಯಿ ಕಟ್ಟಿಸ್ದೆ. ಅವನು ಎತ್ತಲಿಲ್ಲ. ಬರೀ ಕೈಮುಗಿದ. ಇಪ್ಪತ್ತೆರಡು ಕೈ ವ್ಯತ್ಯಾಸ. ಅವನು ಹೇಳಿದ್ರೆ ಹನ್ನೆರಡು ಕೈ ಆ ಕಡೆ ತಿರುಗ್ತಿರಲಿಲ್ವಾ?" ಭಾವ ನೆಲ ನೋಡಿದರು, ಆಮೇಲೆ ಅವಳನ್ನು ನೋಡಿದರು. "ಒಂದೊಂದು ದಿನ ಕೈ ಕೆಲಸ ಮಾಡ್ತಿರುತ್ತೆ, ತಲೆ ಅದನ್ನೇ ಕೇಳುತ್ತೆ. ಆ ಕಾಗದ ನಿಜ ಆಗಿದ್ರೆ? ನೀನು ಹೇಳು. ಅದು ಸುಳ್ಳು ಕಾಗದ ತಾನೇ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಒಂದು ಮಾತಿಗೂ ನಾಲಿಗೆ ಹೊರಳಲಿಲ್ಲ. ಎದುರಿಗೆ ಕೂತಿದ್ದವರು ಅವಳ ಶಾಲೆಯ ಚೀಲ ಹೊಲಿದುಕೊಟ್ಟ ಮನುಷ್ಯ. ಎಂಟು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾಗಿತ್ತು.

"ಸುಳ್ಳೇ ಭಾವ," ಎಂದಳು. "ಏನೂ ಬಂದಿರಲಿಲ್ಲ. ಸೊನ್ನೆನೇ."

ಭಾವ ದೊಡ್ಡ ಉಸಿರು ಬಿಟ್ಟರು. ಹೆಗಲು ಇಳಿಯಿತು, ಕಣ್ಣು ಒದ್ದೆಯಾಯಿತು, ಅದರ ನಡುವೆಯೇ ನಕ್ಕುಬಿಟ್ಟರು. "ಗೊತ್ತಿತ್ತು ನನಗೆ. ಗೊತ್ತಿತ್ತು. ಆದ್ರೂ ನಿನ್ನ ಬಾಯಿಂದ ಇನ್ನೊಂದ್ಸಲ ಕೇಳಬೇಕಿತ್ತು." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಇನ್ನೊಂದು ಉಪಕಾರ ಮಾಡು. ಆ ಬ್ಯಾಂಕಿನ ಪಟ್ಟಿ ಪ್ರಿಂಟ್ ತೆಗೆದು ಕೊಡ್ತೀಯಾ? ನಿಮ್ಮ ಲೈಬ್ರರಿ ಸೀಲ್ ಹಾಕಿ. ಅವನ ಹೆಂಡತಿಗೆ ತೋರಿಸ್ಬೇಕು. ಸಾಯೋ ಮುಂಚೆ ಅವನು ಅವಳಿಗೆ ಆ ಕಾಗದದ ವಿಷಯ ಹೇಳಿದ್ನಂತೆ. ಅದಕ್ಕೇ ಬಾಗಿಲು ಹಾಕಿದ್ದು. ಇದನ್ನ ನೋಡಿದ್ರೆ ಒಂದು ಲೋಟ ನೀರಾದ್ರೂ ಕೊಡ್ತಾಳೆ."

ಅವಳ ಕೈ ತಾನಾಗಿಯೇ ಚೀಲವನ್ನು ಒತ್ತಿ ಹಿಡಿಯಿತು. ಭಾವ ಅದನ್ನು ಕಂಡರು.

"ತಂದೇಬಿಟ್ಟಿದ್ದೀಯಾ? ಅದಕ್ಕೇ ಬಂದ್ಯಾ? ಕೊಡು ಮತ್ತೆ."

"ಬೇಡ ಭಾವ, ಆಮೇಲೆ..."

"ಕೊಡು ಅಂದ್ರೆ."

ಕೊಟ್ಟಳು. ಭಾವ ಕಾಗದ ಬಿಡಿಸಿ ಮೊಣಕಾಲ ಮೇಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, ಬೆರಳಿಟ್ಟು ಓದತೊಡಗಿದರು. ಬೆರಳು ಗಾಜು ಮತ್ತು ಪಿಂಗಾಣಿಯ ಸಾಲು ಹಿಡಿದು ಅಡ್ಡಕ್ಕೆ ನಡೆಯಿತು, ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು.

"ಇಲ್ಲಿ ಸೊನ್ನೆ ಎಲ್ಲಿದೆ?"

ಭಾವ ಕಾಗದವನ್ನು ಅವಳ ಕಡೆ ತಿರುಗಿಸಿದರು.

"ಇದೇನು, ಗೋ ಅಂತ?"

ಹೇಳಿದಳು. ಗೋಪ್ಯ ಅಂದಳು. ಗೆರೆ ಬೇರೆ, ಗೋ ಬೇರೆ ಅಂದಳು. ಆವತ್ತು ಬ್ಯಾಂಕಿನ ತಾಣ ಕೆಟ್ಟಿತ್ತು, ದಲ್ಲಾಳಿಯ ತಾಣ ನೋಡಿ ಹೇಳಿದೆ, ಇವತ್ತು ಬೆಳಿಗ್ಗೆ ಗೊತ್ತಾಯಿತು ಅಂದಳು. ವಿದ್ಯಾರ್ಥಿಗಳಿಗೆ ಹೇಳುವಷ್ಟೇ ಸ್ಪಷ್ಟವಾಗಿ ಎಲ್ಲವನ್ನೂ ಹೇಳಿದಳು, ಅರ್ಥವಾಗದೆ ಉಳಿಯಲು ಏನನ್ನೂ ಬಿಡಲಿಲ್ಲ.

ಅಂಗಳದ ಆಚೆ ತುದಿಯಲ್ಲಿ ಯಾರೋ ಒಂದು ಬುಟ್ಟಿ ಸೀಸೆಯನ್ನು ಗುಡ್ಡೆಗೆ ಸುರಿದರು.

"ಅಂದ್ರೆ ಅವನು ಬೆಳಕಿಗೆ ಹಿಡಿದು ನೋಡಿದ್ದು ಸರಿ ಇತ್ತು," ಎಂದರು ಭಾವ.

"ನನ್ನ ತಪ್ಪು ಭಾವ. ನಿಮ್ಮದಲ್ಲ. ನನ್ನ ತಪ್ಪು."

"ಆವತ್ತಿಂದು ತಪ್ಪು ಮರಿ. ತಪ್ಪು ಯಾರಿಗೆ ಆಗಲ್ಲ? ಕುಲುಮೇಲಿ ನಾನೂ ಮಾಡಿದ್ದೀನಿ. ತಪ್ಪು ಅಂತ ಬಂದು ಹೇಳಿದ್ರೆ ನಿನ್ನ ತಲೆ ಸವರಿ ಕಳಿಸ್ತಿದ್ದೆ." ಕಾಗದವನ್ನು ಅದರ ಮಡಿಕೆಗಳಲ್ಲೇ ಮತ್ತೆ ಮಡಚಿದರು. "ಈಗ ಹೇಳಿದೆಯಲ್ಲ, ಕಾಗದ ಚೀಲದಲ್ಲಿ ಇಟ್ಕೊಂಡು, ನನ್ನ ಮುಖ ನೋಡ್ಕೊಂಡು. ಅದು?"

ನಿಮ್ಮ ಸಂಕಟ ನೋಡಲಾಗಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಬಾಯಿ ತೆರೆದರೆ ಅದೂ ಸುಳ್ಳಿನಂತೆ ಕೇಳಿಸುತ್ತದೆಂದು ಅವಳಿಗೆ ಹೆದರಿಕೆಯಾಯಿತು.

ಭಾವ ಎದ್ದರು. ಕೈಗವಸನ್ನು ತೊಟ್ಟಿಯ ಅಂಚಿಗೆ ನೇತುಹಾಕಿ, ಕಾಗದವನ್ನು ಅಂಗಿಯ ಜೇಬಿಗೆ ಸೇರಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡರು. ಈಗ ಹೋದರೆ ಇವತ್ತಿನ ಕೂಲಿ ಇಲ್ಲ ಎಂದು ಅಂಗಳದ ಯಜಮಾನ ತಾನು ಕೂತಲ್ಲಿಂದಲೇ ಕೂಗಿದ. ಭಾವ ಆ ಕಡೆ ತಿರುಗಲೂ ಇಲ್ಲ.

"ಎಲ್ಲಿಗೆ ಭಾವ?"

"ಅವನ ಮನೆಗೆ. ಬಾಗಿಲು ತೆಗೀದಿದ್ರೆ ಹೊರಗಿಂದಲೇ ಹೇಳ್ತೀನಿ. ನಿನ್ನ ಗಂಡ ಸರಿ ಹೇಳಿದ್ದ, ಅವನ ಬಾಯಿ ಕಟ್ಟಿಸಿದೋನು ನಾನು ಅಂತ."

"ನಾನೂ ಬರ್ತೀನಿ. ಆ ಅಂಕಿ ಕೊಟ್ಟೋಳು ನಾನು, ನಾನೇ ಹೇಳ್ತೀನಿ ಅವರಿಗೆ."

"ಬೇಡ." ಭಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಅವಳ ಮುಖ ನೋಡಿದ ಮೇಲೆ ನೀನು ಏನು ಹೇಳ್ತೀಯೋ, ಅದು ನಿಜವೋ ಸುಳ್ಳೋ ನನಗಿನ್ನು ಗೊತ್ತಾಗಲ್ಲ."

ಅವರು ಗೇಟಿನಿಂದ ಹೊರಗೆ ಹೋಗಿ, ರಸ್ತೆಯ ಎರಡೂ ಕಡೆ ನೋಡಿ, ದಾಟಿದರು. ಅವಳು ಕ್ರೇಟಿನ ಪಕ್ಕದಲ್ಲೇ ನಿಂತಿದ್ದಳು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಒಮ್ಮೆ ಹಿಂದೆ ನೋಡಿ ಕರೆಯುತ್ತಾರೇನೋ ಎಂದು ಕಾದಳು. ಅವರು ನೋಡಲಿಲ್ಲ.